ಅಪ್ಪನ ಆಧಾರ್‌ಗೆ ಬೀಗ: ಮೂರು ದಾರಿ ನೋಡಿ ಒಂದನ್ನು ಉಳಿಸಿಕೊಂಡೆವು

ಕಳೆದ ವರ್ಷ ಅಪ್ಪನ ಖಾತೆಯಿಂದ ಹತ್ತು ಸಾವಿರ ರೂಪಾಯಿ ಹೋಯಿತು. ಕೊಬ್ಬರಿ ಮಾರಿದ ದುಡ್ಡು ಅದು. ಕಾರ್ಡ್ ಮನೆಯಲ್ಲೇ ಇತ್ತು, ಓಟಿಪಿ ಯಾರಿಗೂ ಹೇಳಿರಲಿಲ್ಲ. ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆಯಲ್ಲಿ ಅವೆರಡೂ ಬೇಕಾಗುವುದಿಲ್ಲ. ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳಚ್ಚು ಇದ್ದರೆ ಸಾಕು. ಅವತ್ತೇ ಸೈಬರ್ ವಂಚನೆ ದೂರಿನ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆವು, ಬ್ಯಾಂಕಿಗೂ ಬರೆದುಕೊಟ್ಟೆವು. ಅದಾದ ಮೇಲೆ ನಾನು ಮೂರು ದಾರಿ ಪ್ರಯತ್ನಿಸಿದೆ. ನನಗೆ ಹಿಡಿಸಿದ್ದು ಬಯೋಮೆಟ್ರಿಕ್ ಲಾಕ್.

ಮೊದಲನೆಯದು ಮಾಸ್ಕ್ಡ್ ಆಧಾರ್. ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತವೆ. ಲಾಡ್ಜ್‌ಗೆ, ಬಾಡಿಗೆ ಮನೆಗೆ ಈಗ ಅದನ್ನೇ ಕೊಡುತ್ತೇನೆ. ಕೆಲವು ಕಡೆ 'ಪೂರ್ತಿ ನಂಬರ್ ಇರೋದೇ ಬೇಕು' ಅಂತ ವಾಪಸ್ ಕಳಿಸುತ್ತಾರೆ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ ಜೆರಾಕ್ಸ್ ಬದಲು ಇದನ್ನು ಕೊಡಿ ಎಂದಿತ್ತು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ಪ್ರಕಟಣೆಯನ್ನು ಹಿಂದಕ್ಕೆ ಪಡೆಯಿತು. ಅದನ್ನು ಹಾಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೂ ನಂಬರ್ ಆಗಲೇ ಹತ್ತು ಕಡೆ ಹೋಗಿದ್ದರೆ ಮಾಸ್ಕ್ ಹಾಕಿ ಏನು ಪ್ರಯೋಜನ, ಅಲ್ವಾ?

ಎರಡನೆಯದು ಆಧಾರ್ ನಂಬರನ್ನೇ ಲಾಕ್ ಮಾಡುವುದು. ಆಮೇಲೆ ಎಲ್ಲದಕ್ಕೂ ಆಧಾರ್ ನಂಬರಿನ ಬದಲು ಕೊಡುವ 16 ಅಂಕಿಯ ವರ್ಚುವಲ್ ಐಡಿ ಬೇಕು. ನನ್ನ ಆಧಾರ್‌ಗೆ ಹಾಕಿ ನೋಡಿ ಒಂದೇ ತಿಂಗಳಿಗೆ ತೆಗೆದೆ. ಅಪ್ಪನಿಗಂತೂ ಆಗದ ಮಾತು.

ಬಯೋಮೆಟ್ರಿಕ್ ಲಾಕ್ ಹಾಗಲ್ಲ. ಬೆರಳು, ಕಣ್ಣು, ಮುಖ ಇವುಗಳಿಂದ ಯಾರೂ ದೃಢೀಕರಣ ಮಾಡಲಾಗದು. ಓಟಿಪಿಯಿಂದ ಆಗುವ ಕೆಲಸ ಮೊದಲಿನಂತೆ ನಡೆಯುತ್ತದೆ. ಆಧಾರ್ ವೆಬ್‌ಸೈಟಿನಲ್ಲಿ ಐದು ನಿಮಿಷದ ಕೆಲಸ, ಖರ್ಚಿಲ್ಲ. ಅಪ್ಪನ ಖಾತೆ ಖಾಲಿಯಾದದ್ದು ಬೆರಳಚ್ಚಿನಿಂದಲೇ, ಹಾಗಾಗಿ ಬೀಗ ಬೀಳಬೇಕಾದದ್ದೂ ಅಲ್ಲೇ.

ತೊಂದರೆ ಶುರುವಾದದ್ದು ರೇಷನ್ ಅಂಗಡಿಯಲ್ಲಿ. ಅಮ್ಮನ ಬೆರಳಿನ ಗೆರೆ ಸವೆದಿದೆ, ಮೆಷಿನ್ ಹಿಡಿಯುವುದೇ ಇಲ್ಲ. ಹೆಬ್ಬೆಟ್ಟು ಕೊಡುವವರು ಯಾವಾಗಲೂ ಅಪ್ಪನೇ. ಲಾಕ್ ಹಾಕಿದ ಮರು ತಿಂಗಳು ಅಪ್ಪ ಅರ್ಧ ದಿನ ಸಾಲಿನಲ್ಲಿ ನಿಂತು ಖಾಲಿ ಚೀಲ ಹಿಡಿದು ಬಂದರು. ನನಗೆ ತುಂಬಾ ಸಂಕಟವಾಯಿತು.

ಅದರ ಮುಂದಿನ ತಿಂಗಳು ನಾನು ಬೆಂಗಳೂರಿನಿಂದಲೇ ತೆರೆಯಲು ಕೂತೆ. ಓಟಿಪಿ ಹೋದದ್ದು ಅಪ್ಪನ ಮೊಬೈಲಿಗೆ. "ನಂಬರ್ ಹೇಳಿ ಅಪ್ಪ" ಅಂದೆ. "ಯಾರು ಕೇಳಿದರೂ ಹೇಳಬೇಡಿ ಅಂತ ನೀನೇ ಹೇಳಿದ್ದೆಯಲ್ಲಮ್ಮ" ಅಂದರು. ಅವರು ಹೇಳಿದ್ದು ಸರಿಯಾಗಿತ್ತು. ಅವರನ್ನು ಒಪ್ಪಿಸಿ ಲಾಕ್ ತೆರೆದದ್ದಾಯಿತು. ಹಾಗೆ ತೆರೆದರೆ ಸಿಗುವುದು ಹತ್ತೇ ನಿಮಿಷ. ಅಷ್ಟರಲ್ಲಿ ಅಂಗಡಿಯ ಸರ್ವರ್ ನಿಂತುಹೋಗಿ ಮತ್ತೆ ಮೊದಲಿಂದ ಮಾಡಬೇಕಾಯಿತು.

ಕೊನೆಗೆ ಅಪ್ಪನನ್ನು ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಅವರ ಆಧಾರ್‌ಗೆ ನನ್ನ ಮೊಬೈಲ್ ನಂಬರ್ ಸೇರಿಸಿದೆ. ಓಟಿಪಿ ಈಗ ನನಗೇ ಬರುತ್ತದೆ. ನೆರವಿಗೆ ಮಕ್ಕಳಿಲ್ಲದ, ಫೋನ್ ಹಿಡಿದು ಪಳಗದ ಮನೆಗಳಿಗೆ ಇದು ಕಷ್ಟ. ಅಂಥವರು ಆಧಾರ್ ಜೋಡಿಸಿದ ಖಾತೆಯಲ್ಲಿ ಸ್ವಲ್ಪವೇ ದುಡ್ಡಿಟ್ಟು, ಉಳಿದದ್ದನ್ನು ಆಧಾರ್ ಜೋಡಿಸದ ಬೇರೆ ಖಾತೆಯಲ್ಲಿ ಇಡುವುದು ಮೇಲು.

ನಮ್ಮ ಮನೆಯಲ್ಲಿ ಮಾತ್ರ ಲಾಕ್ ಹಾಗೇ ಇದೆ. ಸಾಲಿನಲ್ಲಿ ಮುಂದೆ ಇಬ್ಬರು ಉಳಿದಾಗ ಅಪ್ಪ ಮಿಸ್ಡ್ ಕಾಲ್ ಕೊಡುತ್ತಾರೆ. ಆಫೀಸಿನಲ್ಲಿ ಏನೇ ಕೆಲಸವಿದ್ದರೂ ಬಿಟ್ಟು ನಾನು ಲಾಕ್ ತೆರೆಯುತ್ತೇನೆ.