‘ಪ್ರಿಟೆಂಡ್’ ಎಂದರೆ ನಟಿಸುವುದಷ್ಟೇ ಅಲ್ಲ: ಒಂದು ನಿಘಂಟು ಆ್ಯಪ್‌ನ ವಿಮರ್ಶೆ

ಅನುವಾದದ ಕೆಲಸಕ್ಕೆಂದು ಇಂಗ್ಲಿಷ್–ಕನ್ನಡ ನಿಘಂಟಿನ ಆ್ಯಪ್ ಒಂದನ್ನು ಸುಮಾರು ಒಂದು ವರ್ಷದಿಂದ ಬಳಸುತ್ತಿದ್ದೇನೆ. ನಿಘಂಟಿನ ಯೋಗ್ಯತೆ ತಿಳಿಯಬೇಕಾದರೆ ಅಪರೂಪದ ಪದಗಳಿಗಿಂತ ನಮಗೆ ಚೆನ್ನಾಗಿ ಗೊತ್ತಿದೆ ಎಂದುಕೊಂಡಿರುವ ಪದಗಳನ್ನೇ ಅದರಲ್ಲಿ ಹುಡುಕಬೇಕು. ಆದ್ದರಿಂದ ಇಲ್ಲಿ ‘ಪ್ರಿಟೆಂಡ್’ ಎಂಬ ಒಂದೇ ಪದವನ್ನು ಹಿಡಿದು ಈ ಆ್ಯಪ್‌ನ ಗುಣದೋಷಗಳನ್ನು ನೋಡುತ್ತೇನೆ.

ಹುಡುಕಿದ ಕೂಡಲೇ ‘ನಟಿಸು, ಸೋಗು ಹಾಕು’ ಎಂಬ ಎರಡು ಅರ್ಥಗಳು ಬರುತ್ತವೆ. ಉಚ್ಚಾರಣೆಯ ಧ್ವನಿ ಸ್ಪಷ್ಟವಾಗಿದ್ದು, ಒತ್ತು ‘ಟೆಂಡ್’ ಮೇಲೆ ಬೀಳುವುದು ಸರಿಯಾಗಿ ಕೇಳಿಸುತ್ತದೆ. ತೊಡಕು ಶುರುವಾಗುವುದು ಉದಾಹರಣೆಯಲ್ಲಿ. ‘ಹಿ ಪ್ರಿಟೆಂಡೆಡ್ ಟು ಬಿ ಅಸ್ಲೀಪ್’ ಎಂಬ ವಾಕ್ಯಕ್ಕೆ ಆ್ಯಪ್ ‘ಅವನು ನಿದ್ದೆಯನ್ನು ನಟಿಸಿದನು’ ಎಂದು ಕನ್ನಡ ಕೊಡುತ್ತದೆ. ಯಾರೂ ಹೀಗೆ ಮಾತನಾಡುವುದಿಲ್ಲ. ‘ನಿದ್ದೆ ಬಂದವನ ಹಾಗೆ ಮಲಗಿದ್ದ’ ಎನ್ನುತ್ತೇವೆ, ಇಲ್ಲವೇ ಇನ್ನೂ ಚಿಕ್ಕದಾಗಿ ‘ಕಳ್ಳನಿದ್ದೆ’ ಎಂದು ಮುಗಿಸುತ್ತೇವೆ. ಇಂಗ್ಲಿಷ್ ಕ್ರಿಯಾಪದಕ್ಕೆ ವಹಿಸುವ ಕೆಲಸವನ್ನು ಕನ್ನಡ ‘ಹಾಗೆ’, ‘ಅಂತೆ’ಗಳಿಂದ ಮಾಡಿಸುತ್ತದೆ, ಕೆಲವೊಮ್ಮೆ ನಾಮಪದಕ್ಕೇ ಒಂದು ಬಣ್ಣ ಬಳಿದು ಜಾಣಕಿವುಡು, ಜಾಣಕುರುಡು, ಜಾಣಮರೆವು ಎಂಬ ಸೊಗಸಾದ ಪದಗಳನ್ನು ಕಟ್ಟುತ್ತದೆ. ಕೇಳಿಸಿದರೂ ಕೇಳಿಸದವರಂತೆ ಇರುವುದಕ್ಕೆ ಇಂಗ್ಲಿಷಿನಲ್ಲಿ ನಾಲ್ಕಾರು ಪದಗಳು ಬೇಕು, ನಮಗೆ ಒಂದು ಸಾಕು. ಆ್ಯಪ್‌ನ ಸಂಗ್ರಹದಲ್ಲಿ ಇವು ಮೂರೂ ಇಲ್ಲ.

ಈ ವ್ಯತ್ಯಾಸವನ್ನು ಹೇಳದ ನಿಘಂಟು ಎದುರು ದಿಕ್ಕಿನಲ್ಲೂ ಎಡವಿಸುತ್ತದೆ. ಕನ್ನಡದ ‘ಹಾಗೆ’ಯನ್ನು ಇಂಗ್ಲಿಷಿಗೆ ಹೊತ್ತೊಯ್ಯುವ ನಾವು ‘ಪ್ರಿಟೆಂಡೆಡ್ ಲೈಕ್ ಸ್ಲೀಪಿಂಗ್’ ಎಂದು ಬರೆದುಬಿಡುತ್ತೇವೆ (ನನ್ನ ಹಳೆಯ ಕರಡುಗಳಲ್ಲಿ ಇದು ಸಿಕ್ಕಿ ನಾಚಿಕೊಂಡಿದ್ದೇನೆ). ಆ ಕ್ರಿಯಾಪದದ ಮುಂದೆ ಸಾಮಾನ್ಯವಾಗಿ ‘ಟು’ ಸೇರಿದ ಕ್ರಿಯಾರೂಪವೋ ‘ದಟ್’ನಿಂದ ಆರಂಭವಾಗುವ ಉಪವಾಕ್ಯವೋ ಬರುತ್ತದೆ ಎಂಬ ಒಂದು ಸಾಲಿನ ಸೂಚನೆ ಇದ್ದಿದ್ದರೆ ಸಾಕಿತ್ತು. ಸಮಾನಾರ್ಥಕಗಳ ಪಟ್ಟಿಯಲ್ಲಿ ‘ಫೇನ್’ (feign) ಇದೆಯಾದರೂ, ಅದು ಹೆಚ್ಚು ಗ್ರಾಂಥಿಕವಾದ ಪದ, ಅದರ ಮುಂದೆ ಕಾಯಿಲೆ, ಅಚ್ಚರಿ, ಆಸಕ್ತಿಯಂಥ ನಾಮಪದ ನೇರವಾಗಿ ಬಂದು ಕೂರುತ್ತದೆ ಎಂಬುದನ್ನು ಹೇಳಿಲ್ಲ. ಒಂದರ ಜಾಗದಲ್ಲಿ ಇನ್ನೊಂದನ್ನು ಸುಮ್ಮನೆ ಇಡಲಾಗದು.

ಆದರೆ ನನ್ನ ನಿಜವಾದ ತಕರಾರು ಬೇರೆ. ಬ್ರಿಟನ್ನಿನ ಇತಿಹಾಸದ ಪುಟವೊಂದನ್ನು ಅನುವಾದಿಸುವಾಗ ‘ಯಂಗ್ ಪ್ರಿಟೆಂಡರ್’ ಎಂಬ ಹೆಸರು ಬಂತು. 1745ರಲ್ಲಿ ಬ್ರಿಟಿಷ್ ಸಿಂಹಾಸನಕ್ಕಾಗಿ ದಂಗೆ ಎಬ್ಬಿಸಿ, ಮರುವರ್ಷ ಕಲೋಡನ್ ಕದನದಲ್ಲಿ ಸೋತ ಚಾರ್ಲ್ಸ್ ಎಡ್ವರ್ಡ್ ಸ್ಟೂವರ್ಟ್‌ಗೆ ಇದ್ದ ಹೆಸರು ಅದು. ಅವನ ತಂದೆ ಜೇಮ್ಸ್ ‘ಓಲ್ಡ್ ಪ್ರಿಟೆಂಡರ್’. ಆ್ಯಪ್ ಇದಕ್ಕೆ ‘ನಟಿಸುವವನು’ ಎಂದು ಕೊಟ್ಟಿತು. ಹಾಗೆಯೇ ಬರೆದಿದ್ದರೆ ಸೈನ್ಯ ಕಟ್ಟಿ ಯುದ್ಧಕ್ಕೆ ಹೋದ ರಾಜಕುಮಾರ ನಾಟಕ ಕಂಪನಿಯ ಹುಡುಗನಾಗಿಬಿಡುತ್ತಿದ್ದ. ಅಲ್ಲಿನ ಅರ್ಥ ಸಿಂಹಾಸನದ ಮೇಲೆ ಹಕ್ಕು ಸಾಧಿಸುವವನು ಎಂದು. ಆ ಹಕ್ಕು ನ್ಯಾಯವಾದದ್ದೋ ಅಲ್ಲವೋ ಎಂಬುದು ಯಾರು ಹೇಳುತ್ತಿದ್ದಾರೆ ಎನ್ನುವುದರ ಮೇಲೆ ನಿಂತಿತ್ತು. ಹಾಗೆ ಕರೆದವರು ವಿರೋಧಿಗಳಾದ್ದರಿಂದ ಸುಳ್ಳಿನ ವಾಸನೆಯೂ ಸೇರಿಕೊಂಡಿತ್ತು.

ಈ ಎರಡು ಅರ್ಥಗಳ ಬೇರು ಒಂದೇ. ಲ್ಯಾಟಿನ್ನಿನಲ್ಲಿ ‘ಪ್ರೇ’ ಎಂದರೆ ಮುಂದೆ, ‘ಟೆಂಡೆರೆ’ ಎಂದರೆ ಚಾಚು ಅಥವಾ ಹರಡು. ಮುಂದೆ ಚಾಚಿದ್ದು ಹಕ್ಕಿನ ಕೈಯೂ ಆಗಬಹುದು, ಮರೆಮಾಡುವ ಪರದೆಯೂ ಆಗಬಹುದು. ಈ ವ್ಯುತ್ಪತ್ತಿ ಆ್ಯಪ್‌ನಲ್ಲಿಯೇ ಕೆಳಗೆ ಸಣ್ಣ ಅಕ್ಷರದಲ್ಲಿದೆ. ಮೇಲಿನ ಅರ್ಥಗಳನ್ನು ಬರೆದವರು ಅದನ್ನು ಓದಿದಂತಿಲ್ಲ. ಓದಿದ್ದರೆ ‘ಐ ಡೋಂಟ್ ಪ್ರಿಟೆಂಡ್ ಟು ಬಿ ಆ್ಯನ್ ಎಕ್ಸ್‌ಪರ್ಟ್’ ಎಂಬ ಸಾಧಾರಣ ವಾಕ್ಯ ‘ನಾನು ತಜ್ಞನಂತೆ ನಟಿಸುವುದಿಲ್ಲ’ ಎಂದಾಗದೆ, ‘ನಾನೇನೂ ತಜ್ಞನೆಂದು ಹೇಳಿಕೊಳ್ಳುವುದಿಲ್ಲ’ ಎಂದಾಗುತ್ತಿತ್ತು. ಮೊದಲನೆಯದರಲ್ಲಿ ಯಾರೋ ಆರೋಪ ಹೊರಿಸಿದ್ದಾರೆ ಎನಿಸುತ್ತದೆ, ಎರಡನೆಯದರಲ್ಲಿ ವಿನಯವಷ್ಟೇ ಇದೆ.

ಮೋಸದ ಸೋಂಕೇ ಇಲ್ಲದ ಬಳಕೆಯೂ ಒಂದಿದೆ. ಖಾಲಿ ಲೋಟ ಎತ್ತಿ ಸೊರ್ ಎಂದು ಸದ್ದು ಮಾಡಿ, ‘ಬಿಸಿ’ ಎಂದು ಮುಖ ಕಿವುಚುವ ಮಗು ಯಾರಿಗೂ ಸೋಗು ಹಾಕುತ್ತಿಲ್ಲ, ಆಡುತ್ತಿದೆ. ನಾವು ಇದನ್ನು ‘ಸುಮ್‌ಸುಮ್ನೆ ಕುಡಿಯೋದು’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಇದೇ ‘ಪ್ರಿಟೆಂಡ್’ ವಿಶೇಷಣವಾಗಿಯೂ ನಿಂತು ‘ಪ್ರಿಟೆಂಡ್ ಟೀ’, ‘ಪ್ರಿಟೆಂಡ್ ಮನಿ’ ಎಂಬ ಮಾತುಗಳಾಗುತ್ತವೆ. ಆ್ಯಪ್ ಈ ಅರ್ಥವನ್ನು ಮುಟ್ಟಿಯೇ ಇಲ್ಲ.

ಇಂಟರ್ನೆಟ್ ಇಲ್ಲದೆಯೂ ಕೆಲಸ ಮಾಡುವುದು, ಜಾಹೀರಾತಿನ ಕಾಟ ಇಲ್ಲದಿರುವುದು, ಹಿಂದೆ ಹುಡುಕಿದ ಪದಗಳನ್ನು ದಿನಾಂಕದ ಪ್ರಕಾರ ಇಟ್ಟುಕೊಳ್ಳುವುದು ಇದರ ಒಳ್ಳೆಯ ಗುಣಗಳು. ಓದುವಾಗ ಅಡ್ಡಬಂದ ಪದವೊಂದರ ಸ್ಥೂಲ ಅರ್ಥ ತಿಳಿದುಕೊಳ್ಳಲು ಸಾಕು. ಬರೆಯುವವರು ಇದೊಂದನ್ನೇ ನಂಬುವುದು ಬೇಡ. ಐದಕ್ಕೆ ಎರಡೂವರೆ ಕೊಡುತ್ತೇನೆ. ‘ಪ್ರಿಟೆಂಡರ್’ ಬಗ್ಗೆ ಎರಡು ಸಲ ತಿದ್ದುಪಡಿ ಕಳುಹಿಸಿದ್ದೇನೆ, ಎರಡು ಸಲವೂ ‘ಗಮನಿಸಲಾಗಿದೆ’ ಎಂಬ ಉತ್ತರ ಬಂದಿದೆ. ಹೊಸ ಆವೃತ್ತಿಯಲ್ಲೂ ಚಾರ್ಲ್ಸ್ ನಟಿಸುತ್ತಲೇ ಇದ್ದಾನೆ.