ಹಳದಿ ಅಂಟು ಹಾಳೆ, ಮೋಹಕ ಬಲೆ: ಕಲಬುರಗಿ ಬಿಸಿಲಿಗೆ ಎಷ್ಟು ತಾಳುತ್ತವೆ?

ಹೊಲದಲ್ಲಿ ಹುಳ ಬಂದು ಅಂಟಿಕೊಳ್ಳುವ ಹಳದಿ ಅಂಟು ಹಾಳೆ ತಗೊಳ್ಳಿ, ಆದರೆ ಔಷಧಿ ಹೊಡೆಯೋದೇ ತಪ್ಪುತ್ತದೆ ಅಂತ ನಂಬಿ ತಗೋಬೇಡಿ. ಅಂಗಡಿಯಲ್ಲಿ ಹಾಗೇ ಹೇಳಿ ಮಾರುತ್ತಾರೆ. ಯಾವ ಹುಳ ಯಾವಾಗ ಬಂತು ಅಂತ ತೋರಿಸೋದು ಇದರ ಕೆಲಸ. ಹಾಳೆಗೆ 20 ರೂಪಾಯಿ ಆಸುಪಾಸು, ಅಷ್ಟಕ್ಕೆ ಮೋಸವಿಲ್ಲ.

ಆಳಂದದ ಹತ್ತಿರ ನಮ್ಮ ಹೊಲದಲ್ಲಿ ಬೆಂಡೆ, ಬದನೆ, ಅಂಚಿಗೆ ಒಂದಿಷ್ಟು ಮೆಣಸಿನಕಾಯಿ. ಫೆಬ್ರವರಿ ದಾಟಿ ಬಿಸಿಲು ಏರಿದಂತೆ ಬೆಂಡೆ ಸಾಲಿನ ಹಾಳೆ ತುಂಬ ಬಿಳಿನೊಣ, ಹಿಟ್ಟು ಉದುರಿಸಿದ ಹಾಗೆ. ಬೆಂಡೆಗೆ ಹಳದಿ ನಂಜು ರೋಗ ಹರಡೋದು ಇದೇ ನೊಣ. ಒಮ್ಮೆ ರೋಗ ಹತ್ತಿದ ಗಿಡಕ್ಕೆ ಔಷಧಿ ಇಲ್ಲ, ಹಾಗಾಗಿ ಹಾಳೆಯಲ್ಲಿ ನೊಣ ಕಂಡ ಕೂಡಲೇ ಸಾಲು ಸುತ್ತಿ, ಎಲೆಯ ನರ ಹಳದಿಯಾದ ಗಿಡವನ್ನು ಕಿತ್ತು ಹಾಕುತ್ತೇವೆ. ಮೆಣಸಿನಕಾಯಿಗೆ ನೀಲಿ ಹಾಳೆ ಹಾಕಿ, ಥ್ರಿಪ್ಸ್ ಅನ್ನೋ ರಸ ಹೀರುವ ಪುಟ್ಟ ಹುಳ ಅದಕ್ಕೆ ಚೆನ್ನಾಗಿ ಬೀಳುತ್ತದೆ. ಒಣ ಬಿಸಿಲಲ್ಲಿ ಅದರ ಕಾಟ ವಿಪರೀತ, ಜೋರು ಮಳೆ ಬಿದ್ದರೆ ಇಳಿಯುತ್ತದೆ. ಚಳಿಗಾಲದಲ್ಲಿ, ಅದೂ ಮೋಡ ಕವಿದಾಗ, ಸಸ್ಯಹೇನಿನ ಕಾಟ.

ತಕರಾರು ಇರೋದು ಅಂಟಿನ ಬಗ್ಗೆ. ಏಪ್ರಿಲ್-ಮೇ ಗಾಳಿಗೆ ಎರೆಮಣ್ಣಿನ ಧೂಳು ಹಾಳೆಗೆ ಮೆತ್ತಿಕೊಂಡು, ಬೆರಳಿಟ್ಟರೂ ಅಂಟದ ಸ್ಥಿತಿಗೆ ಬರುತ್ತದೆ, ದಾರಿ ಪಕ್ಕದ ಸಾಲಿನಲ್ಲಂತೂ ಕೇಳಲೇಬೇಡಿ. ಪ್ಯಾಕೆಟ್ ಮೇಲೆ ಬರೆದಷ್ಟು ದಿನ ಬಾಳುವ ಮಾತೇ ಇಲ್ಲ. ಇನ್ನೊಂದು ಬೇಜಾರು, ಹೇನು ತಿನ್ನುವ ಗುಲಗಂಜಿ ಹುಳವೂ ಬಂದು ಸಿಕ್ಕಿಕೊಳ್ಳುತ್ತದೆ. ಪಾಪ, ಅದು ನಮ್ಮ ಕಡೆಯದು ಅಲ್ವಾ.

ಬದನೆಯ ಕುಡಿ, ಕಾಯಿ ಕೊರೆಯುವ ಹುಳಕ್ಕೆ ಈ ಹಾಳೆ ಸುಮ್ನೆ ದಂಡ. ಮೋಹಕ ಬಲೆ ಬೇಕು, ಅಂದರೆ ಹೆಣ್ಣು ಪತಂಗದ ವಾಸನೆಯ ಗುಳಿಗೆ (ಲೂರ್) ಇಟ್ಟು ಗಂಡನ್ನು ಸೆಳೆಯುವ ಬಲೆ. ಬಾಡಿ ಜೋತುಬಿದ್ದ ಕುಡಿಯನ್ನು ಉಗುರಿನಿಂದ ಸೀಳಿ ನೋಡಿ, ಒಳಗೆ ನಸುಗೆಂಪು ಹುಳ ಹಿಕ್ಕೆ ಹಾಕಿಕೊಂಡು ಕೂತಿರುತ್ತದೆ. ಮೇಲಿಂದ ಹೊಡೆದ ಔಷಧಿ ಅದಕ್ಕೆಲ್ಲಿ ತಾಗಬೇಕು? ಬಲೆಗೆ ಬೀಳೋದು ಗಂಡು ಪತಂಗ ಮಾತ್ರ, ಆದ್ದರಿಂದ ಬಲೆ ಕಟ್ಟಿದ ಮೇಲೂ ಅಂಥ ಕುಡಿಗಳನ್ನು ಚಿವುಟಿ ಸುಡೋ ಕೆಲಸ ತಪ್ಪೋದಿಲ್ಲ. ಮಳೆಗಾಲದ ಬದನೆಯಲ್ಲಿ ಈ ಕೆಲಸ ಜಾಸ್ತಿ.

ಕೊಳ್ಳುವಾಗ ಬೆಳೆ ಹೆಸರು ಹೇಳಿಯೇ ಲೂರ್ ಕೇಳಿ. ನಮ್ಮದು ತೊಗರಿ ಸೀಮೆ, ಒಂದು ಅಂಗಡಿಯವರು ಬದನೆಗೂ ತೊಗರಿ ಕಾಯಿಕೊರಕದ ಲೂರನ್ನೇ ಕೈಗಿಟ್ಟಿದ್ದರು. ಅದಕ್ಕೆ ಬದನೆ ಪತಂಗ ತಿರುಗಿಯೂ ನೋಡುವುದಿಲ್ಲ. ಬಲೆಗೆ ಗೂಟ ಜೊತೆಯಲ್ಲಿ ಬರಲ್ಲ, ತೊಗರಿ ಕಟ್ಟಿಗೆ ನೆಟ್ಟರೆ ಗಾಳಿಗೆ ಮುರಿಯುತ್ತದೆ, ಬಿದಿರು ನೆಡಿ.