ಕಚ್ಚುವ ಮರಿ, ಓಡುವ ಮಕ್ಕಳು: ಯಾವ ಟ್ರೈನಿಂಗ್ ಕೆಲಸಕ್ಕೆ ಬಂತು?

ನಮ್ಮ ಕೆಂಚ ಬೀದಿನಾಯಿ ಮರಿ. ದತ್ತು ತಂದಾಗ ಅವನಿಗೆ ಎರಡು ತಿಂಗಳು. ಮನೆಯಲ್ಲಿ ನಾಲ್ಕು ವರ್ಷದ ಮಗ, ಒಂಬತ್ತು ವರ್ಷದ ಮಗಳು. ಮಗ ಓಡಿದರೆ ಹಿಮ್ಮಡಿಗೆ ಬಾಯಿ ಹಾಕುತ್ತಿದ್ದ, ಮಗಳ ಲಂಗ ಹಿಡಿದು ಜಗ್ಗುತ್ತಿದ್ದ. ಯಾರ ಕೈಯಲ್ಲಾದರೂ ಚಕ್ಕುಲಿ ಕಂಡರೆ ಸೀದಾ ಮೈಮೇಲೆ ಹಾರುತ್ತಿದ್ದ.

ಬೆಂಗಳೂರಿನಲ್ಲಿ ಇದಕ್ಕೆ ನಾಲ್ಕು ದಾರಿ ಸಿಗುತ್ತವೆ. ನಾಯಿಯನ್ನು ಕೆಲವು ವಾರ ಟ್ರೈನರ್ ಹತ್ತಿರ ಬಿಟ್ಟು ಬರುವುದು, ಟ್ರೈನರನ್ನು ಮನೆಗೆ ಕರೆಸುವುದು, ಗ್ರೂಪ್ ಕ್ಲಾಸ್‌ಗೆ ಸೇರಿಸುವುದು, ಇಲ್ಲ ನಾವೇ ಕಲಿಸುವುದು. ಮೊದಲನೆಯದನ್ನು ಪಕ್ಕದ ಬ್ಲಾಕಿನವರ ಲ್ಯಾಬ್ರಡಾರ್‌ನಲ್ಲಿ ನೋಡಿದೆ. ಉಳಿದ ಮೂರನ್ನೂ ಕೆಂಚನಿಗೆ ಮಾಡಿ ನೋಡಿದೆವು. ನನಗೆ ಬೇಕಿದ್ದ ಉತ್ತರ ಒಂದೇ: ಮಕ್ಕಳು ಹತ್ತಿರ ಇದ್ದಾಗ ಮರಿ ಹೇಗಿರುತ್ತದೆ?

ಬಿಟ್ಟು ಬರುವ ಟ್ರೈನಿಂಗ್ ಎಲ್ಲಕ್ಕಿಂತ ದುಬಾರಿ. ಆ ಲ್ಯಾಬ್ರಡಾರ್ ವಾಪಸ್ ಬಂದಾಗ ಹೇಳಿದ ತಕ್ಷಣ ಕೂರುತ್ತಿತ್ತು, ನಿಲ್ಲುತ್ತಿತ್ತು. ಆದರೆ ಮಕ್ಕಳು ಕೂಗುತ್ತಾ ಓಡಿದರೆ ಹಳೇ ಕಥೆಯೇ. ಕಲಿತ ಜಾಗದಲ್ಲಿ ಮಕ್ಕಳೇ ಇರಲಿಲ್ಲ, ಅಲ್ವಾ? ಅಲ್ಲಿ ನಾಯಿಯನ್ನು ಹೇಗೆ ನೋಡಿಕೊಳ್ಳುತ್ತಾರೆ ಅನ್ನುವುದೂ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಮನೆಗೆ ಬರುವವರಲ್ಲಿ ಎರಡು ಥರ ಇದ್ದಾರೆ, ಎರಡನ್ನೂ ಕಂಡೆವು. ಮೊದಲು ಬಂದವರು ಕುತ್ತಿಗೆಗೆ ಬಿಗಿಯುವ ಚೋಕ್ ಚೈನ್ ತಂದರು. ಮರಿ ತಪ್ಪು ಮಾಡಿದರೆ ಒಂದು ಜಗ್ಗು. ಅವರು ಇದ್ದಷ್ಟು ಹೊತ್ತು ಕೆಂಚ ಬಾಲ ಮುದುಡಿಕೊಂಡು ಸುಮ್ಮನಿರುತ್ತಿದ್ದ. ಸಂಜೆ ಮಗ ಓಡಿದರೆ ಮತ್ತೆ ಹಿಮ್ಮಡಿಗೇ ಬಾಯಿ. ಅದಕ್ಕಿಂತ ನನಗೆ ಭಯ ಆಗಿದ್ದು, ಗುರ್ ಅಂದರೂ ಜಗ್ಗುತ್ತಿದ್ದರು ಅನ್ನುವುದು. ಗುರ್ ಅನ್ನುವುದು ನಾಯಿ ಕೊಡುವ ಎಚ್ಚರಿಕೆ. ಹೊಡೆದು ಅದನ್ನು ನಿಲ್ಲಿಸಿದರೆ ಭಯ ಒಳಗೇ ಉಳಿಯುತ್ತದೆ, ಒಂದು ದಿನ ಎಚ್ಚರಿಕೆ ಕೊಡದೆಯೇ ಕಚ್ಚಬಹುದು. ಮಕ್ಕಳಿರುವ ಮನೆಗೆ ಇದು ಬೇಡವೇ ಬೇಡ. ಅವರನ್ನು ನಿಲ್ಲಿಸಿದೆವು.

ಎರಡನೆಯವರು ಒಬ್ಬ ಹುಡುಗಿ. ಸೊಂಟಕ್ಕೆ ಒಂದು ಚೀಲ, ಅದರಲ್ಲಿ ಬೇಯಿಸಿದ ಚಿಕನ್ ಮತ್ತು ಪನೀರ್ ಚೂರು. ಮೊದಲ ದಿನ ಅವರು ಕೆಂಚನಿಗಿಂತ ಜಾಸ್ತಿ ಕಲಿಸಿದ್ದು ಮಕ್ಕಳಿಗೆ. ಮರಿ ಬೆನ್ನಟ್ಟಿದರೆ ಓಡಬೇಡಿ, ಕಿರುಚಬೇಡಿ, ಕೈಕಟ್ಟಿ ಕಂಬದ ಹಾಗೆ ನಿಂತುಬಿಡಿ. ಓಡುವುದನ್ನು ಬೆನ್ನಟ್ಟುವುದು ನಾಯಿಯ ಸ್ವಭಾವ, ನಿಂತರೆ ಅದಕ್ಕೆ ಆಟವೇ ಇಲ್ಲ. ಊಟ ಮಾಡುವಾಗ, ಮಲಗಿದಾಗ ಮುಟ್ಟಬೇಡಿ. ತಲೆಯ ಮೇಲೆ ಬಗ್ಗಿ ಅಪ್ಪಿಕೊಳ್ಳಬೇಡಿ. ಮರಿ ಮುಖ ತಿರುಗಿಸಿದರೆ, ತುಟಿ ನೆಕ್ಕಿಕೊಂಡರೆ, ನಿದ್ದೆ ಬರದಿದ್ದರೂ ಆಕಳಿಸಿದರೆ ‘ಸಾಕು’ ಅಂತ ಅರ್ಥ, ದೂರ ಸರಿಯಿರಿ. ಆಮೇಲೆ ಮಗಳ ಕೈಯಲ್ಲೇ ಟ್ರೀಟ್ ಕೊಡಿಸಿ ಕೂರುವುದನ್ನು ಕಲಿಸಿದರು. ನಾಲ್ಕೂ ಕಾಲು ನೆಲದ ಮೇಲಿದ್ದರೆ ಮಾತ್ರ ಟ್ರೀಟ್, ಹಾರಿದರೆ ಏನೂ ಇಲ್ಲ. ಕೆಲವೇ ವಾರಗಳಲ್ಲಿ ಕೆಂಚ ಮಗಳನ್ನು ಕಂಡರೆ ತಾನೇ ಕೂತು ಕಾಯಲು ಶುರು ಮಾಡಿದ. ನಮ್ಮ ದುಡ್ಡು ಸಾರ್ಥಕ ಆಗಿದ್ದು ಇಲ್ಲೇ.

ಗ್ರೂಪ್ ಕ್ಲಾಸ್ ಬೇರೆ ನಾಯಿಗಳ, ಹೊಸ ಜನರ ಅಭ್ಯಾಸಕ್ಕೆ ಒಳ್ಳೆಯದು. ಕಚ್ಚುವ ಚಟಕ್ಕೆ ಅಷ್ಟೇನೂ ಉಪಯೋಗ ಇಲ್ಲ. ಪಾರ್ವೋ (ಮರಿಗಳ ಜೀವಕ್ಕೇ ಕುತ್ತು ತರುವ ವೈರಸ್ ಕಾಯಿಲೆ) ಭಯ ಇದ್ದುದರಿಂದ ಲಸಿಕೆಗಳು ಮುಗಿಯುವ ತನಕ ನಾವು ಸೇರಿಸಲೂ ಇಲ್ಲ. ಆದರೆ ಮರಿ ಲೋಕಕ್ಕೆ ಒಗ್ಗಿಕೊಳ್ಳುವ ವಯಸ್ಸು ಸುಮಾರು 3ರಿಂದ 14 ವಾರ. ಹಾಗಾಗಿ ಕೆಂಚನನ್ನು ಕೆಳಗಿಳಿಸದೆ ಎತ್ತಿಕೊಂಡೇ ಆಟೋ, ಹೆಲ್ಮೆಟ್, ಸ್ಕೂಲ್ ಮಕ್ಕಳ ಗಲಾಟೆ ಎಲ್ಲ ತೋರಿಸಿದೆವು.

ಇನ್ನು ನಾವೇ ಮಾಡಿದ್ದು. ಖರ್ಚು ಬಾಗಿಲಿಗೆ ಅಡ್ಡ ಹಾಕುವ ಒಂದು ಬೇಬಿ ಗೇಟ್, ಒಂದು ಉದ್ದ ಬೆಲ್ಟ್. ದೊಡ್ಡ ಬದಲಾವಣೆ ತಂದಿದ್ದು ನಿದ್ದೆ. ಮರಿಗಳಿಗೆ ದಿನಕ್ಕೆ 18ರಿಂದ 20 ಗಂಟೆ ನಿದ್ದೆ ಬೇಕು. ಸ್ಕೂಲಿಂದ ಬಂದ ಮಕ್ಕಳು ಅವನನ್ನು ಮಲಗಲು ಬಿಟ್ಟರೆ ತಾನೆ? ಸುಸ್ತಾದ ಮರಿ ಹಟ ಹಿಡಿದ ಮಗುವಿಗಿಂತ ಜೋರು, ಸಂಜೆ ಹೊತ್ತಿನ ಕಚ್ಚಾಟ ಬಹುಪಾಲು ಅದೇ. ಮಧ್ಯಾಹ್ನ ಗೇಟ್ ಹಾಕಿ ಮಲಗಿಸಿದ ಮೇಲೆ ಸಂಜೆ ಕಾಟ ತುಂಬಾ ಇಳಿಯಿತು. ಹಲ್ಲು ಬದಲಾಗುವ ನೋವೂ ಇರುತ್ತದೆ. 28 ಹಾಲುಹಲ್ಲು ಬಿದ್ದು 42 ಹಲ್ಲು ಬರಬೇಕು, ಆರೇಳು ತಿಂಗಳ ತನಕ ಏನಾದರೂ ಕಡಿಯುತ್ತಲೇ ಇರುತ್ತವೆ. ಒದ್ದೆ ಬಟ್ಟೆ ಗಂಟು ಹಾಕಿ ಫ್ರೀಜರ್‌ನಲ್ಲಿಟ್ಟು ಕೊಟ್ಟರೆ ಹಾಯೆನಿಸುತ್ತದೆ, ಕಣ್ಣೆದುರೇ ಕಡಿಯಲಿ ಅಷ್ಟೆ. ಕೈ ಕಚ್ಚಿದರೆ ಆಟ ಅಲ್ಲಿಗೇ ನಿಲ್ಲಿಸಿ ಗೇಟಿನ ಆಚೆ ಹೋಗುತ್ತಿದ್ದೆವು. ಇದನ್ನು ಮನೆಯವರೆಲ್ಲ ಒಂದೇ ಥರ ಮಾಡಬೇಕು. ನಮ್ಮ ಅತ್ತೆ ಊಟದ ತಟ್ಟೆಯಿಂದ ಕೊಡುವುದನ್ನು ಬಿಟ್ಟ ಮೇಲೆಯೇ ಟೇಬಲ್ ಹತ್ತಿರದ ಹಾರಾಟ ನಿಂತಿತು. ಈರುಳ್ಳಿ, ದ್ರಾಕ್ಷಿ, ಚಾಕಲೇಟ್ ನಾಯಿಗೆ ವಿಷ, ಅದಕ್ಕಾದರೂ ತಟ್ಟೆ ದೂರ ಇರಬೇಕು.

ಯಾವ ದಾರಿ ಹಿಡಿದರೂ ಒಂದು ವಿಷಯ. ಹಾಲುಹಲ್ಲು ತಾಗಿ ಚರ್ಮ ಗೀಚಿದರೂ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಡಾಕ್ಟರಿಗೆ ತೋರಿಸಿ. ಮರಿ ಮನೆಯದೇ ಅಂತ ಸುಮ್ನೆ ಇರಬೇಡಿ.

ಚಿಕ್ಕ ಮಕ್ಕಳಿದ್ದರೆ ನಾನು ಹೇಳುವುದು ಇಷ್ಟು: ಗೇಟ್ ಇವತ್ತೇ ಹಾಕಿಸಿ, ಟ್ರೀಟ್ ಕೊಟ್ಟು ಕಲಿಸುವವರನ್ನು ಕೆಲವು ಸಲ ಮನೆಗೆ ಕರೆಸಿ, ಕ್ಲಾಸ್ ಆಮೇಲೆ ನೋಡಿ. ಟ್ರೈನರ್‌ಗೆ ಫೋನ್ ಮಾಡಿದಾಗ ಎರಡು ಪ್ರಶ್ನೆ ಕೇಳಿ. ಮರಿ ತಪ್ಪು ಮಾಡಿದರೆ ಏನು ಮಾಡುತ್ತೀರಿ? ಪಾಠಕ್ಕೆ ಮಕ್ಕಳನ್ನೂ ಕೂರಿಸುತ್ತೀರಾ? ಎರಡನೆಯದಕ್ಕೆ ಬೇಡ ಅಂದರೆ ಬೇರೆಯವರನ್ನು ಹುಡುಕಿ.